ಗ್ರೇಟ್ ಅಲೆಘೇನಿ ಪ್ಯಾಸೇಜ್: ಹಳೆಯ ರೈಲು ಹಾದಿಯಲ್ಲಿ ಒಂಟಿ ಸೈಕಲ್ ಪ್ರವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪಿಟ್ಸ್‌ಬರ್ಗ್ ನಗರದಿಂದ ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲ್ಯಾಂಡ್ ಊರಿನವರೆಗೆ ಹಬ್ಬಿರುವ ಈ ಹಾದಿಯ ಬಗ್ಗೆ ಅಲ್ಲಿ ನೆಲೆಸಿರುವ ಕನ್ನಡಿಗರೂ, ಮಕ್ಕಳ ಮನೆಗೆಂದು ಬೇಸಿಗೆಯಲ್ಲಿ ಊರಿನಿಂದ ಹೋಗುವವರೂ ಮಾತಿನಲ್ಲಿ, ಪತ್ರಗಳಲ್ಲಿ, ಟಿಪ್ಪಣಿಗಳಲ್ಲಿ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲಿಯೇ ಇವೆ. ಮೊದಲ ಬಾರಿಗೆ ಹೊರಡುವವರು ಆರಂಭದಿಂದ ಓದಬಹುದು. ಹಾದಿಯ ಪರಿಚಯ ಈಗಾಗಲೇ ಇರುವವರಿಗೆ ಕೊನೆಯ ಭಾಗ ಹೆಚ್ಚು ಉಪಯೋಗಕ್ಕೆ ಬರಬಹುದು.

## ಮೊದಲ ಪರಿಚಯ

ಇದು ರಸ್ತೆಯೋ, ಕಾಡುಹಾದಿಯೋ? "ರೈಲ್ ಟ್ರೇಲ್" ಅಂದರೆ ಹಳಿಯ ಮೇಲೆ ಸೈಕಲ್ ಹೊಡೆಯುವುದೇ?

ಹಾದಿಯ ಮೇಲೆ ಹಳಿ ಈಗಿಲ್ಲ. ರೈಲು ಸಂಚಾರ ನಿಂತ ಮೇಲೆ ಹಳಿಗಳನ್ನೂ ಮರದ ದಿಮ್ಮಿಗಳನ್ನೂ ಕಿತ್ತು, ಅವು ಕೂತಿದ್ದ ಏರಿಯ ಮೇಲೆ ಸುಣ್ಣದಕಲ್ಲಿನ ಸಣ್ಣ ಪುಡಿಯನ್ನು ಹಾಸಿ ಗಟ್ಟಿಮಾಡಿದ್ದಾರೆ. ಸೇತುವೆ, ಸುರಂಗ, ಮೇಲ್ಸೇತುವೆಗಳಲ್ಲಿ ಹೆಚ್ಚಿನವು ರೈಲಿನವೇ. ಒಟ್ಟು ಉದ್ದ 150 ಮೈಲಿ, ಅಂದರೆ ಸುಮಾರು 241 ಕಿಲೋಮೀಟರ್. ಇದರ ಬಹುಭಾಗದಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ನಡೆಯುವವರು, ಓಡುವವರು, ಸೈಕಲ್ಲಿನವರು ಮಾತ್ರ ಇರುತ್ತಾರೆ. ಕಂಬರ್‌ಲ್ಯಾಂಡ್‌ನಿಂದ ಕನೆಲ್ಸ್‌ವಿಲ್‌ವರೆಗಿನ ಭಾಗದಲ್ಲಿ ಮುಖ್ಯವಾಗಿ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆ ಓಡುತ್ತಿತ್ತು. ಅಲ್ಲಿಂದ ಮೆಕೀಸ್‌ಪೋರ್ಟ್ ಕಡೆಗಿನ ನದಿದಂಡೆ ಪಿಟ್ಸ್‌ಬರ್ಗ್ ಅಂಡ್ ಲೇಕ್ ಈರಿ ರೈಲ್ವೆಯದಾಗಿತ್ತು. ಹಾದಿ ಬಹುದೂರ ಯಾಕಗೇನಿ ನದಿಯನ್ನೂ, ಅದಕ್ಕೆ ಸೇರುವ ಕ್ಯಾಸಲ್‌ಮನ್ ನದಿಯನ್ನೂ ಹಿಡಿದು ಸಾಗುತ್ತದೆ.

ನನಗೆ ಬೆಟ್ಟ ಹತ್ತಿ ಅಭ್ಯಾಸವಿಲ್ಲ. ಅಲೆಘೇನಿ ಪರ್ವತ ದಾಟಬೇಕು ಅಂತಾರೆ, ನನ್ನಿಂದ ಆಗುತ್ತದೆಯೇ?

ಆಗುತ್ತದೆ. ಅದಕ್ಕೆ ಕಾರಣ ನಿಮ್ಮ ಕಾಲಿನ ಬಲಕ್ಕಿಂತ ನೂರು ವರ್ಷಗಳ ಹಿಂದಿನ ರೈಲು ಎಂಜಿನಿಯರುಗಳ ಲೆಕ್ಕಾಚಾರ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಹಿಡಿತ ಬಹಳ ಕಡಿಮೆ. ಆದ್ದರಿಂದ ನೂರಕ್ಕೆ ಎರಡರಷ್ಟು ಏರು ಬಂದರೂ ಕಲ್ಲಿದ್ದಲು ಹೊತ್ತ ರೈಲು ತಿಣುಕುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ನಮ್ಮ ಘಾಟಿಯಲ್ಲಿ ರೈಲು ಹತ್ತುವುದು ಐವತ್ತಕ್ಕೆ ಒಂದರ ಏರನ್ನು. ಅಷ್ಟನ್ನು ಸಾಧಿಸಲು ಅಲ್ಲಿ 57 ಸುರಂಗ ಕೊರೆಯಬೇಕಾಯಿತು. ಅಲೆಘೇನಿಯ ಹಾದಿ ಅದಕ್ಕಿಂತಲೂ ಮೆದು.

ಪಿಟ್ಸ್‌ಬರ್ಗ್ ಸಮುದ್ರಮಟ್ಟದಿಂದ ಸುಮಾರು 220 ಮೀಟರ್ ಎತ್ತರದಲ್ಲಿದೆ. ಹಾದಿಯ ಅತಿ ಎತ್ತರದ ಜಾಗವಾದ ಪೂರ್ವ ಖಂಡೀಯ ಜಲವಿಭಾಜಕ (ನದಿಗಳ ನೀರು ಎರಡು ಕಡೆಗೆ ಬೇರೆಯಾಗಿ ಹರಿಯುವ ಬೆಟ್ಟಸಾಲಿನ ನೆತ್ತಿ) 2,392 ಅಡಿ, ಅಂದರೆ 729 ಮೀಟರ್. ಇವೆರಡರ ನಡುವೆ 200 ಕಿಲೋಮೀಟರಿಗೂ ಹೆಚ್ಚು ದೂರವಿರುವುದರಿಂದ ಸರಾಸರಿ ಏರು ನೂರು ಮೀಟರಿಗೆ ಕಾಲು ಮೀಟರಷ್ಟೇ, ಕಣ್ಣಿಗೆ ಕಾಣುವುದೂ ಇಲ್ಲ. ಕಂಬರ್‌ಲ್ಯಾಂಡ್ ಕಡೆಯ ಇಳಿಜಾರು ಮಾತ್ರ ಸ್ವಲ್ಪ ಕಡಿದು: 38 ಕಿಲೋಮೀಟರಿನಲ್ಲಿ ಸುಮಾರು 540 ಮೀಟರ್ ಎತ್ತರ ವ್ಯತ್ಯಾಸ, ನೂರಕ್ಕೆ ಒಂದೂವರೆಯ ಆಸುಪಾಸು. ದಿನಕ್ಕೆ ಎರಡು ಗಂಟೆ ನಿಲ್ಲದೆ ಸೈಕಲ್ ತುಳಿಯಬಲ್ಲ ಆರೋಗ್ಯವಂತರು ಒಂದೆರಡು ತಿಂಗಳ ತಯಾರಿಯಿಂದ ಇದನ್ನು ಮುಗಿಸಬಲ್ಲರು.

ಎಷ್ಟು ದಿನ ಇಟ್ಟುಕೊಳ್ಳಬೇಕು? ಎರಡು ದಿನದಲ್ಲಿ ಮುಗಿಸಿದವರೂ ಇದ್ದಾರಂತೆ?

ಇದ್ದಾರೆ, ಆದರೆ ಅವರನ್ನು ಅನುಸರಿಸಬೇಡಿ. ಒಂಟಿಯಾಗಿ ಹೋಗುವವರಿಗೆ ನಾಲ್ಕು ದಿನ ಹದವಾದ ಲೆಕ್ಕ. ಈ ಹಾದಿಯಲ್ಲಿ ದಿನವನ್ನು ನಿರ್ಧರಿಸಬೇಕಾದದ್ದು ನೀವು ಎಷ್ಟು ದೂರ ತುಳಿಯಬಲ್ಲಿರಿ ಎಂಬುದಲ್ಲ. ಊಟ, ನೀರು, ಹಾಸಿಗೆ ಸಿಗುವ ಊರುಗಳು ಎಷ್ಟು ದೂರಕ್ಕೊಂದು ಇವೆ ಎಂಬುದು. ಪಿಟ್ಸ್‌ಬರ್ಗ್‌ನಿಂದ ಹೊರಟರೆ ಮೊದಲ ದಿನ ವೆಸ್ಟ್ ನ್ಯೂಟನ್‌ವರೆಗೆ ಸುಮಾರು 58 ಕಿಲೋಮೀಟರ್, ಎರಡನೆಯ ದಿನ ಒಹಾಯೋಪೈಲ್‌ವರೆಗೆ 68, ಮೂರನೆಯ ದಿನ ಮಯರ್ಸ್‌ಡೇಲ್‌ವರೆಗೆ 64, ನಾಲ್ಕನೆಯ ದಿನ ಕಂಬರ್‌ಲ್ಯಾಂಡ್‌ವರೆಗೆ 51.

ಐದನೆಯ ದಿನ ಕೈಯಲ್ಲಿದ್ದರೆ ಅದನ್ನು ಒಹಾಯೋಪೈಲ್‌ಗೆ ಕೊಡಿ. ಅಲ್ಲಿ ಯಾಕಗೇನಿ ಜಲಪಾತವಿದೆ, ನದಿ ಊರನ್ನು ಬಳಸಿ ಹರಿಯುವ ತಿರುವಿದೆ, ಅದನ್ನು ದಾಟುವ ಎತ್ತರದ ಸೇತುವೆಯ ಮೇಲೆ ನಿಂತು ನೋಡಲು ಗಂಟೆಗಟ್ಟಲೆ ಕೆಲಸವಿದೆ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಜಲಪಾತದ ಮೇಲೆಯೇ ಕಟ್ಟಿದ ಫಾಲಿಂಗ್‌ವಾಟರ್ ಮನೆಯೂ ಅಲ್ಲಿಂದ ಕೆಲವೇ ಮೈಲಿ. ಆದರೆ ಅಲ್ಲಿಗೆ ಹೋಗುವ ರಸ್ತೆ ನಿಜವಾದ ಬೆಟ್ಟದ ರಸ್ತೆ, ಕಾರುಗಳೂ ಓಡಾಡುತ್ತವೆ. ಸಾಮಾನು ಹೊತ್ತ ಸೈಕಲ್ಲಿನಲ್ಲಿ ಹೋಗುವ ಬದಲು ವಾಹನ ಗೊತ್ತುಮಾಡಿಕೊಳ್ಳುವುದು ಉತ್ತಮ.

ಯಾವ ಕಡೆಯಿಂದ ಹೊರಟರೆ ಸುಲಭ?

ಎರಡು ಪಕ್ಷಗಳಿವೆ. ಕಂಬರ್‌ಲ್ಯಾಂಡ್‌ನಿಂದ ಹೊರಟರೆ ಮೊದಲ 38 ಕಿಲೋಮೀಟರ್ ಮಾತ್ರ ಏರು, ಆಮೇಲೆ ಉಳಿದದ್ದೆಲ್ಲ ಇಳಿಜಾರು ಎನ್ನುವುದು ಒಂದು ಪಕ್ಷ. ಲೆಕ್ಕ ಸರಿ, ಆದರೆ ಅನುಭವ ಹಾಗಿಲ್ಲ. ಸೈಕಲ್, ಸಾಮಾನು, ಸವಾರ ಸೇರಿ ನೂರು ಕಿಲೋ ತೂಕವಿದ್ದರೆ ನೂರು ಮೀಟರಿಗೆ ಕಾಲು ಮೀಟರಿನ ಇಳಿಜಾರು ಅದನ್ನು ಮುಂದಕ್ಕೆ ಎಳೆಯುವುದು ಕಾಲು ಕಿಲೋ ತೂಕದ ಬಲದಿಂದ ಮಾತ್ರ. ಕಲ್ಲುಪುಡಿಯ ನೆಲ ಟಯರನ್ನು ಹಿಂದಕ್ಕೆ ಹಿಡಿಯುವ ಬಲ ಅದಕ್ಕಿಂತ ಹೆಚ್ಚು. ಆದ್ದರಿಂದ ಆ "ಇಳಿಜಾರಿ"ನಲ್ಲಿ ಸೈಕಲ್ ತಾನಾಗಿ ಉರುಳುವುದಿಲ್ಲ, ಕಡೆಯವರೆಗೂ ತುಳಿಯಬೇಕು.

ನಾನು ಪಿಟ್ಸ್‌ಬರ್ಗ್‌ನಿಂದ ಹೊರಡುವುದನ್ನೇ ಹೇಳುತ್ತೇನೆ. ಮೊದಲ ಮೂರು ದಿನಗಳ ಏರು ಗೊತ್ತೇ ಆಗದಷ್ಟು ನಿಧಾನವಾದದ್ದು. ದೇಹ ಹದಗೊಂಡ ಮೇಲೆ ಜಲವಿಭಾಜಕ ಬರುತ್ತದೆ, ಸ್ವಲ್ಪದರಲ್ಲೇ ಬಿಗ್ ಸ್ಯಾವೇಜ್ ಸುರಂಗ, ಅದರ ಆಚೆಯ ಬಾಯಿಯಿಂದ ಹೊರಬಂದೊಡನೆ ಮೇರಿಲ್ಯಾಂಡಿನ ಕಣಿವೆಗಳು ಒಂದರ ಹಿಂದೊಂದು ಬಯಲಾಗುತ್ತವೆ. ಅಲ್ಲಿಂದ ಕಂಬರ್‌ಲ್ಯಾಂಡ್‌ವರೆಗಿನ ಇಳಿಜಾರಿನಲ್ಲಿ ಸೈಕಲ್ ನಿಜವಾಗಿ ಉರುಳುತ್ತದೆ. ಇಡೀ ಹಾದಿಯ ಅತ್ಯುತ್ತಮ ನೋಟವನ್ನು ಏದುಸಿರು ಬಿಡುತ್ತ ಬೆನ್ನ ಹಿಂದೆ ಬಿಟ್ಟುಹೋಗುವುದಕ್ಕಿಂತ ಎದುರಿನಲ್ಲಿ ಇಟ್ಟುಕೊಂಡು ಇಳಿಯುವುದು ಮೇಲು.

ಟಿಕೆಟ್, ಅನುಮತಿ ಏನಾದರೂ ಬೇಕೇ?

ಬೇಡ. ಹಾದಿ ಎಲ್ಲರಿಗೂ ಉಚಿತ. ಕೆಲವು ಬಿಡಾರದ ಜಾಗಗಳಿಗೆ ಮಾತ್ರ ಮುಂಗಡ ಕಾಯ್ದಿರಿಸಬೇಕು.

## ಸಿದ್ಧತೆ

ಯಾವ ತಿಂಗಳು ಒಳ್ಳೆಯದು? ಡಿಸೆಂಬರ್ ರಜೆಯಲ್ಲಿ ಹೋಗಬಹುದೇ?

ಡಿಸೆಂಬರ್ ಬೇಡ. ಬಿಗ್ ಸ್ಯಾವೇಜ್ ಸುರಂಗದೊಳಗೆ ಒಸರುವ ನೀರು ಹೆಪ್ಪುಗಟ್ಟಿ ಗೋಡೆಯನ್ನು ಹಾಳುಮಾಡದಿರಲೆಂದು ಚಳಿಗಾಲದುದ್ದಕ್ಕೂ, ಸುಮಾರು ಡಿಸೆಂಬರಿನಿಂದ ಏಪ್ರಿಲ್ ಆರಂಭದವರೆಗೆ, ಅದರ ಬಾಗಿಲು ಮುಚ್ಚುತ್ತಾರೆ. ಬಳಸಿಹೋಗಲು ಸುಲಭದ ದಾರಿಯಿಲ್ಲ. ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ಹಗಲು ದೀರ್ಘ, ಕಾಡು ಹಸಿರು. ಜುಲೈ, ಆಗಸ್ಟ್‌ಗಳಲ್ಲಿ ಸೆಕೆ, ಮಧ್ಯಾಹ್ನದ ಗುಡುಗುಮಳೆ. ಅಕ್ಟೋಬರ್ ಮಧ್ಯದಲ್ಲಿ ಎಲೆಗಳು ಬಣ್ಣ ಬದಲಾಯಿಸುವ ಎರಡು ವಾರ ಅತಿ ಸೊಗಸು, ಆದರೆ ಹಗಲು ಚಿಕ್ಕದು, ವಸತಿ ಸಿಗುವುದು ಕಷ್ಟ. ಶರತ್ಕಾಲದಲ್ಲಿ ಪೆನ್ಸಿಲ್ವೇನಿಯದ ಕಾಡುಗಳಲ್ಲಿ ಬೇಟೆಯ ಕಾಲವೂ ಹೌದಾದ್ದರಿಂದ ಹೊಳೆಯುವ ಕಿತ್ತಳೆ ಬಣ್ಣದ ಮೇಲಂಗಿ ತೊಡಬೇಕು.

ಎಂಥ ಸೈಕಲ್ ಬೇಕು? ನನ್ನ ರೋಡ್ ಬೈಕ್ ಸಾಕೇ?

ಟಯರಿನ ಅಗಲವೇ ಇಲ್ಲಿ ಮುಖ್ಯ ಪ್ರಶ್ನೆ. ಒಣಗಿದ ದಿನಗಳಲ್ಲಿ 32 ಮಿಲಿಮೀಟರ್ ಟಯರ್ ಸಾಕು, 38ರಿಂದ 40 ಇದ್ದರೆ ನೆಮ್ಮದಿ. 25 ಮಿಲಿಮೀಟರಿನ ಸಪೂರ ಟಯರ್ ಮಳೆಯ ನಂತರದ ಮೆತ್ತನೆಯ ಪುಡಿಯಲ್ಲಿ ಹೂತು ಅಲುಗಾಡುತ್ತದೆ. ಶಾಕ್ ಅಬ್ಸಾರ್ಬರ್ ಬೇಕಾಗಿಲ್ಲ. ಸಾಮಾನನ್ನು ಬೆನ್ನಿಗೆ ಏರಿಸದೆ ಹಿಂದಿನ ಕ್ಯಾರಿಯರಿನ ಎರಡೂ ಬದಿ ಪ್ಯಾನಿಯರ್ ಚೀಲಗಳಲ್ಲಿ ಹಂಚಿ. ಮಡ್‌ಗಾರ್ಡ್ ಹಾಕಿಸಿ: ಮಳೆಯಲ್ಲಿ ಸುಣ್ಣದಕಲ್ಲಿನ ಪುಡಿ ತೆಳು ಗಾರೆಯಂತಾಗಿ ಚೈನು, ಬ್ರೇಕು, ಬೆನ್ನು ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಚೈನನ್ನು ಉಜ್ಜಿ ತಿನ್ನುತ್ತದೆ. ಪ್ರತಿ ಸಂಜೆ ಬಟ್ಟೆಯಿಂದ ಚೈನು ಒರೆಸಿ ಒಂದು ಸುತ್ತು ಎಣ್ಣೆ ಬಿಡುವುದನ್ನು ಊಟದಷ್ಟೇ ಕಡ್ಡಾಯ ಮಾಡಿಕೊಳ್ಳಿ. ಊರಿನಿಂದ ಹೋಗುವವರು ಸೈಕಲ್ ಸಾಗಿಸುವ ಗೋಜಿಗೆ ಹೋಗಬೇಕಿಲ್ಲ. ಹಾದಿಯ ಎರಡೂ ತುದಿಗಳಲ್ಲಿಯೂ, ನಡುವಿನ ಕೆಲವು ಊರುಗಳಲ್ಲಿಯೂ ಬಾಡಿಗೆಗೆ ಸಿಗುತ್ತವೆ. ಆದರೆ ಸೀಟು ಮಾತ್ರ ನಿಮಗೆ ಒಗ್ಗಿದ್ದನ್ನೇ ಒಯ್ಯಿರಿ.

ಒಂದು ತುದಿ ತಲುಪಿದ ಮೇಲೆ ವಾಪಸ್ ಬರುವುದು ಹೇಗೆ?

ಷಿಕಾಗೊ–ವಾಷಿಂಗ್ಟನ್ ದಾರಿಯಲ್ಲಿ ಓಡುವ ಆಮ್‌ಟ್ರ್ಯಾಕ್ ಸಂಸ್ಥೆಯ ಪ್ರಯಾಣಿಕರ ರೈಲು ಪಿಟ್ಸ್‌ಬರ್ಗ್, ಕನೆಲ್ಸ್‌ವಿಲ್, ಕಂಬರ್‌ಲ್ಯಾಂಡ್‌ಗಳಲ್ಲಿ ನಿಲ್ಲುತ್ತದೆ. 2015ರಿಂದ ಸೈಕಲ್ಲನ್ನು ಬಿಚ್ಚದೆ, ಪೆಟ್ಟಿಗೆಗೆ ಹಾಕದೆ ಹತ್ತಿಸಲು ಅವಕಾಶವಿದೆ. ಸೈಕಲ್ಲಿಗೆಂದು ಇರುವ ಜಾಗ ಬಹಳ ಕಡಿಮೆಯಾದ್ದರಿಂದ ನಿಮ್ಮ ಟಿಕೆಟ್ಟಿನ ಜೊತೆಗೇ ಅದಕ್ಕೂ ಕಾಯ್ದಿರಿಸಬೇಕು. ರೈಲು ದೂರದಿಂದ ಬರುವುದರಿಂದ ತಡವಾಗುವುದು ಸಾಮಾನ್ಯ, ಪಿಟ್ಸ್‌ಬರ್ಗ್ ತಲುಪುವುದೂ ಬಿಡುವುದೂ ಅವೇಳೆಯಲ್ಲಿ. ಒಂಟಿಯಾಗಿರುವವರು ನಿಲ್ದಾಣದ ಹತ್ತಿರದಲ್ಲೇ ಆ ರಾತ್ರಿಯ ವಸತಿ ಮಾಡಿಕೊಳ್ಳಲಿ. ಸೈಕಲ್ ಸಮೇತ ಕರೆದೊಯ್ಯುವ ಖಾಸಗಿ ವ್ಯಾನುಗಳೂ ಇವೆ, ಒಬ್ಬರಿಗೇ ಆದರೆ ದುಬಾರಿ.

ರಾತ್ರಿ ಎಲ್ಲಿ ಮಲಗುವುದು? ಟೆಂಟ್ ಹೊರಬೇಕೇ?

ಹೊರದಿದ್ದರೂ ನಡೆಯುತ್ತದೆ. ವೆಸ್ಟ್ ನ್ಯೂಟನ್, ಕನೆಲ್ಸ್‌ವಿಲ್, ಒಹಾಯೋಪೈಲ್, ಕಾನ್‌ಫ್ಲುಯೆನ್ಸ್, ರಾಕ್‌ವುಡ್, ಮಯರ್ಸ್‌ಡೇಲ್, ಫ್ರಾಸ್ಟ್‌ಬರ್ಗ್ ಊರುಗಳಲ್ಲಿ ಸೈಕಲ್ಲಿನವರನ್ನೇ ನಂಬಿಕೊಂಡ ಅತಿಥಿಗೃಹಗಳಿವೆ. ರೈಲು, ಗಣಿ, ಉಕ್ಕು ಮೂರೂ ಕೈಬಿಟ್ಟ ಈ ಊರುಗಳಿಗೆ ಹಾದಿಯೇ ಈಗ ಒಂದು ಜೀವನೋಪಾಯ. ಸೈಕಲ್ಲನ್ನು ಒಳಗಿಡಲು, ತೊಳೆಯಲು ಜಾಗ ಕೊಡುತ್ತಾರೆ. ಟೆಂಟ್ ಇಷ್ಟಪಡುವವರಿಗೆ ಸೀಡರ್ ಕ್ರೀಕ್ ಪಾರ್ಕಿನಲ್ಲಿಯೂ ಕನೆಲ್ಸ್‌ವಿಲ್‌ನಲ್ಲಿಯೂ ಮೂರು ಕಡೆ ಗೋಡೆಯಿರುವ ಮರದ ತಂಗುಮನೆಗಳಿವೆ, ಡ್ರಾವೋಸ್ ಲ್ಯಾಂಡಿಂಗ್‌ನಲ್ಲಿ ನದಿದಂಡೆಯ ಬಿಡಾರವಿದೆ. ಒಹಾಯೋಪೈಲ್ ಸ್ಟೇಟ್ ಪಾರ್ಕಿನ ಬಿಡಾರಕ್ಕೆ ಹಾದಿಯಿಂದ ಕಡಿದಾದ ಏರಿದೆ ಎಂಬುದನ್ನು ನೆನಪಿಡಿ. ಇನ್ನೊಂದು ಮಾತು: ಎದುರುದಂಡೆಯಲ್ಲಿ ಸರಕು ರೈಲುಗಳು ರಾತ್ರಿಯಿಡೀ ಓಡುತ್ತವೆ. ನಿದ್ದೆ ತೆಳುವಾಗಿರುವವರು ಕಿವಿಗೆ ಹತ್ತಿ ಇಟ್ಟುಕೊಳ್ಳಲಿ.

ನಾವು ಶುದ್ಧ ಸಸ್ಯಾಹಾರಿಗಳು. ಹಳ್ಳಿಗಾಡಿನಲ್ಲಿ ಏನು ತಿನ್ನುವುದು?

ಹಸಿವಿನಿಂದ ಇರಬೇಕಾಗುವುದಿಲ್ಲ, ಆದರೆ ಆಯ್ಕೆ ಕಡಿಮೆ. ಬೆಳಿಗ್ಗೆಯ ಹೊತ್ತು ಸುಲಭ: ಓಟ್‌ಮೀಲ್, ಬ್ರೆಡ್, ಆಲೂಗಡ್ಡೆ ಎಲ್ಲೆಡೆ ಸಿಗುತ್ತವೆ, ಮಯರ್ಸ್‌ಡೇಲ್ ಸುತ್ತಿನ ಪ್ರದೇಶ ಮೇಪಲ್ ಮರದ ಸಿಹಿರಸಕ್ಕೆ ಹೆಸರಾದದ್ದು, ಅದನ್ನು ಸುರಿದುಕೊಂಡ ಪ್ಯಾನ್‌ಕೇಕ್ ಸವಾರನಿಗೆ ಒಳ್ಳೆಯ ಇಂಧನ. (ಪ್ಯಾನ್‌ಕೇಕಿನ ಹಿಟ್ಟಿಗೆ ಮೊಟ್ಟೆ ಬಿದ್ದಿರುತ್ತದೆ, ಮೊಟ್ಟೆ ತಿನ್ನದವರು ಓಟ್‌ಮೀಲನ್ನೇ ಕೇಳಲಿ.) ರಾತ್ರಿಗೆ ಚೀಸ್ ಪಿಜ್ಜಾ, ತರಕಾರಿ ಸ್ಯಾಂಡ್‌ವಿಚ್, ಪಾಸ್ತಾ. ಎಚ್ಚರಿಕೆ ಬೇಕಾದದ್ದು ನೋಡಲು ಸಸ್ಯಾಹಾರವೆನಿಸುವ ಪದಾರ್ಥಗಳಲ್ಲಿ: ತರಕಾರಿ ಸೂಪಿಗೆ ದನದ ಮಾಂಸದ ಸಾರು, ಬೇಯಿಸಿದ ಬೀನ್ಸ್‌ಗೆ ಹಂದಿಯ ಕೊಬ್ಬು ಹಾಕಿರುವುದು ಅಲ್ಲಿ ಸಾಮಾನ್ಯ. "ವೆಜಿಟೇರಿಯನ್" ಎಂದಷ್ಟೇ ಹೇಳದೆ ಯಾವುದರಲ್ಲಿ ಬೇಯಿಸಿದ್ದೀರಿ ಎಂದು ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನಾನು ತೆಳು ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ, ಕಡಲೆಕಾಯಿ ಚಿಕ್ಕಿ ಇಲ್ಲದೆ ಹೊರಡುವುದಿಲ್ಲ. ಅವಲಕ್ಕಿಗೆ ಒಲೆ ಬೇಡ, ಹಗುರ, ಕೆಡುವುದಿಲ್ಲ. ಸ್ವಲ್ಪ ನೀರು ಚಿಮುಕಿಸಿ ಚಟ್ನಿಪುಡಿ ಕಲಸಿದರೆ ನದಿದಂಡೆಯಲ್ಲಿ ಹತ್ತು ನಿಮಿಷದಲ್ಲಿ ಊಟ ಮುಗಿಯುತ್ತದೆ. ಸಣ್ಣ ಊರುಗಳಲ್ಲಿ ಸೋಮವಾರ, ಮಂಗಳವಾರ ಹೋಟೆಲುಗಳು ಮುಚ್ಚಿರುವುದು ಉಂಟು, ರಾತ್ರಿ ಎಂಟಕ್ಕೆ ಅಡುಗೆಮನೆ ಮುಗಿಯುವುದೂ ಉಂಟು. ಒಂದು ಹೊತ್ತಿನ ಊಟ ಸದಾ ಚೀಲದಲ್ಲಿರಲಿ.

## ಒಬ್ಬರೇ ಹೋಗುವ ಬಗ್ಗೆ

ಹೆಂಗಸು ಒಬ್ಬಳೇ ಹೋದರೆ ಸುರಕ್ಷಿತವೇ? ಮನೆಯವರು ಒಪ್ಪುತ್ತಿಲ್ಲ.

ಒಂಟಿಯಾಗಿ ಹೋಗುವ ಹೆಂಗಸರನ್ನು ಈ ಹಾದಿಯಲ್ಲಿ ಧಾರಾಳವಾಗಿ ಕಾಣುತ್ತೇವೆ, ಅವರಲ್ಲಿ ಅರವತ್ತು ದಾಟಿದವರೂ ಇದ್ದಾರೆ. ದೂರದ ಸೈಕಲ್ ಪ್ರವಾಸದಲ್ಲಿ ದೊಡ್ಡ ಅಪಾಯ ಹಿಂದಿನಿಂದ ಬರುವ ಮೋಟಾರು ವಾಹನ. ಅದು ಇಲ್ಲಿ ಬಹುಮಟ್ಟಿಗೆ ಇಲ್ಲ. ಬೇಸಿಗೆಯ ದಿನಗಳಲ್ಲಿ ಎರಡೂ ದಿಕ್ಕಿನಿಂದ ಜನ ಬರುತ್ತಲೇ ಇರುತ್ತಾರೆ, ನಿಂತ ಸೈಕಲ್ ಕಂಡರೆ "ಎಲ್ಲ ಸರಿಯಿದೆಯೇ" ಎಂದು ಕೇಳದೆ ಮುಂದೆ ಹೋಗುವವರು ಕಡಿಮೆ. ಹಾಗೆಂದು ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ಪಿಟ್ಸ್‌ಬರ್ಗ್ ಮತ್ತು ಮೆಕೀಸ್‌ಪೋರ್ಟ್ ನಡುವಿನ ನಗರಭಾಗವನ್ನು ಹಗಲಿನಲ್ಲೇ ದಾಟಿ. ಎಲ್ಲಿ ತಂಗುತ್ತೀರಿ ಎಂಬುದನ್ನು ದಾರಿಯಲ್ಲಿ ಸಿಕ್ಕವರಿಗೆ ಹೇಳುವ ಅಗತ್ಯವಿಲ್ಲ. ರಸ್ತೆಗೆ ಹತ್ತಿರದ ತಂಗುಮನೆಯಲ್ಲಿ ನೀವೊಬ್ಬರೇ ಇದ್ದು ಮನಸ್ಸಿಗೆ ಸರಿಬಾರದಿದ್ದರೆ ಕೂಡಲೇ ಊರೊಳಗಿನ ಕೋಣೆ ಹಿಡಿಯಿರಿ. ಅದಕ್ಕಾಗಿ ಒಂದು ರಾತ್ರಿಯ ಹಣವನ್ನು ಬೇರೆಯಾಗಿ ಇಟ್ಟಿರಿ.

ಮನೆಯವರನ್ನು ಒಪ್ಪಿಸಲು ಭರವಸೆಯ ಮಾತಿಗಿಂತ ಕಾಗದ ಹೆಚ್ಚು ಕೆಲಸ ಮಾಡುತ್ತದೆ. ಯಾವ ದಿನ ಎಲ್ಲಿಂದ ಎಲ್ಲಿಗೆ, ಎಲ್ಲಿ ವಸತಿ, ಆ ವಸತಿಯ ದೂರವಾಣಿ, ಎಷ್ಟು ಗಂಟೆಯೊಳಗೆ ನಿಮ್ಮಿಂದ ಸುದ್ದಿ ಬರಬೇಕು, ಬರದಿದ್ದರೆ ಯಾರಿಗೆ ಕರೆಮಾಡಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ.

ಫೋನ್ ಸಿಗ್ನಲ್ ಇರುತ್ತದೆಯೇ? ಬಿದ್ದು ಪೆಟ್ಟಾದರೆ ಯಾರನ್ನು ಕರೆಯುವುದು?

ಕಣಿವೆಯ ಭಾಗಗಳಲ್ಲಿ, ಮುಖ್ಯವಾಗಿ ಕನೆಲ್ಸ್‌ವಿಲ್ ದಾಟಿದ ಮೇಲೆ ರಾಕ್‌ವುಡ್‌ವರೆಗೆ, ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ, ಕಾಗದದ್ದೂ ಒಂದಿರಲಿ. ತುರ್ತು ಸಂಖ್ಯೆ 911. ಕರೆ ಸಿಕ್ಕಾಗ ಹೇಳಬೇಕಾದ ಮೊದಲ ವಿಷಯ ಮೈಲಿಗಲ್ಲಿನ ಸಂಖ್ಯೆ. ಸೊನ್ನೆಯ ಮೈಲಿ ಕಂಬರ್‌ಲ್ಯಾಂಡ್‌ನಲ್ಲಿದೆ, ಪಿಟ್ಸ್‌ಬರ್ಗ್ ಕಡೆಗೆ ಸಂಖ್ಯೆ ಏರುತ್ತ ಹೋಗುತ್ತದೆ. ಕಾಡಿನ ನಡುವೆ ನೀವೆಲ್ಲಿದ್ದೀರಿ ಎಂದು ವಿವರಿಸಲು ಅದಕ್ಕಿಂತ ಖಚಿತವಾದ ಗುರುತು ಬೇರೊಂದಿಲ್ಲ. ಆದ್ದರಿಂದ ದಾಟಿಬಂದ ಕೊನೆಯ ಕಲ್ಲನ್ನು ಮನಸ್ಸಿನಲ್ಲಿಟ್ಟುಕೊಳ್ಳುವ ರೂಢಿ ಮಾಡಿಕೊಳ್ಳಿ. ಸಂದರ್ಶಕರಾಗಿ ಹೋಗುವವರು ಪ್ರವಾಸ ಆರೋಗ್ಯ ವಿಮೆಯಿಲ್ಲದೆ ಸೈಕಲ್ ಹತ್ತಬಾರದು.

ಕರಡಿ, ಹಾವು ಇವೆಯಂತೆ?

ಕಪ್ಪು ಕರಡಿಗಳಿವೆ, ಮನುಷ್ಯರ ಸದ್ದಿಗೆ ಅವು ಸರಿದುಹೋಗುತ್ತವೆ. ಟೆಂಟಿನೊಳಗೆ ತಿಂಡಿ ಇಡಬೇಡಿ. ಟಿಂಬರ್ ರಾಟಲ್‌ಸ್ನೇಕ್ ಎಂಬ ವಿಷದ ಹಾವು ಬಿಸಿಲು ಕಾಯಲು ಹಾದಿಗೆ ಬರುವುದುಂಟು. ದೂರದಲ್ಲಿ ನಿಂತು ದಾರಿ ಬಿಡಿ.

ನಿಜವಾಗಿ ಹೆದರಬೇಕಾದದ್ದು ಎಳ್ಳುಕಾಳಿನ ಗಾತ್ರದ, ರಕ್ತ ಹೀರುವ ಉಣ್ಣೆ ಹುಳಕ್ಕೆ. ಲೈಮ್ ರೋಗ ಅತಿಹೆಚ್ಚು ವರದಿಯಾಗುವ ರಾಜ್ಯಗಳಲ್ಲಿ ಪೆನ್ಸಿಲ್ವೇನಿಯ ಒಂದು, ಅದನ್ನು ಹರಡುವುದು ಜಿಂಕೆಯ ಉಣ್ಣೆ. ಅದು ಹುಲ್ಲಿನ ತುದಿಯಲ್ಲಿ ಕಾದು ಕೂತಿರುತ್ತದೆ, ಹಾದಿಯ ನಡುವೆ ಇರುವುದಿಲ್ಲ. ಆದ್ದರಿಂದ ವಿಶ್ರಾಂತಿಗೆ ಹುಲ್ಲಿನ ಮೇಲೆ ಒರಗದೆ ಬೆಂಚಿನ ಮೇಲೆ ಕೂರಿ. ಪ್ರತಿ ಸಂಜೆ ಸ್ನಾನದ ಹೊತ್ತಿನಲ್ಲಿ ಮೊಣಕಾಲಿನ ಹಿಂಬದಿ, ಕಂಕುಳು, ಸೊಂಟದ ಪಟ್ಟಿಯ ಜಾಗ, ಕಿವಿಯ ಹಿಂದೆ, ಕೂದಲ ಬುಡ ಇವನ್ನು ಮುಟ್ಟಿ ನೋಡಿ. ಒಂಟಿಯಾಗಿರುವವರಿಗೆ ಬೆನ್ನು ನೋಡಲು ಸಣ್ಣ ಕನ್ನಡಿ ಬೇಕು. ಕಚ್ಚಿದ್ದರೆ ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಮೇಲೆಳೆಯಿರಿ. ಬೆಂಕಿ, ಎಣ್ಣೆ, ಸುಣ್ಣ ಯಾವುದೂ ಬೇಡ. ಮುಂದಿನ ವಾರಗಳಲ್ಲಿ ಕೆಂಪು ಉಂಗುರದಂಥ ಗುರುತೋ ಜ್ವರವೋ ಕಾಣಿಸಿದರೆ ವೈದ್ಯರಿಗೆ ಉಣ್ಣೆ ಕಚ್ಚಿದ್ದನ್ನು ಹೇಳಲೇಬೇಕು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಇಲ್ಲಿನ ವೈದ್ಯರಿಗೆ ತಾನಾಗಿ ಆ ಅನುಮಾನ ಬರುವುದು ಕಷ್ಟ.

ಪಂಕ್ಚರ್ ಆದರೆ?

ಟ್ಯೂಬ್ ಬದಲಾಯಿಸುವುದನ್ನು ಮನೆಯಲ್ಲಿಯೇ, ಯಾರ ಸಹಾಯವಿಲ್ಲದೆ, ಹಿಂದಿನ ಗಾಲಿಯ ಮೇಲೆ ಕಲಿತು ಹೊರಡಿ. ಎರಡು ಟ್ಯೂಬು, ಟಯರ್ ಲಿವರ್, ಪಂಪು, ಪ್ಯಾಚು, ಚೈನಿನ ಜೋಡುಕೊಂಡಿ, ಷಟ್ಕೋನದ ಕೀಲಿಗಳು ಸಾಕು. ಒಹಾಯೋಪೈಲ್, ಕಾನ್‌ಫ್ಲುಯೆನ್ಸ್, ರಾಕ್‌ವುಡ್ ಮುಂತಾದ ಕಡೆ ಸಾಮಾನ್ಯವಾಗಿ ದುರಸ್ತಿ ಸಿಗುತ್ತದೆ.

ಇಷ್ಟು ದಿನ ಒಬ್ಬರೇ ಇದ್ದರೆ ಬೇಸರವಾಗುವುದಿಲ್ಲವೇ?

ಎರಡನೆಯ ದಿನದ ಮಧ್ಯಾಹ್ನ ಬಹಳ ಜನರಿಗೆ ಆಗುತ್ತದೆ. ಮೊದಲ ದಿನದ ಉತ್ಸಾಹ ಇಳಿದಿರುತ್ತದೆ, ಎರಡೂ ಬದಿ ಮರಗಳ ಸಾಲು ಮುಗಿಯುವುದೇ ಇಲ್ಲ, ಹಾದಿ ನೇರವಾಗಿರುವುದರಿಂದ ಮುಂದೆ ಸಾಗಿದ್ದೇ ತಿಳಿಯುವುದಿಲ್ಲ. ಅದಕ್ಕೆ ಹಾಡು ಕೇಳುವುದು ಪರಿಹಾರವೆಂದು ನನಗೆ ಅನಿಸಿಲ್ಲ. ಹಿಂದಿನಿಂದ ಬರುವವರ ಗಂಟೆಯೂ ಕೇಳದೆ ಹೋಗುತ್ತದೆ. ಹಾದಿಯನ್ನು ರೈಲುದಾರಿಯಾಗಿ ಓದಲು ಶುರುಮಾಡಿ. ಗುಡ್ಡ ಕಡಿದು ದಾರಿಮಾಡಿದ ಜಾಗ ಬಂದರೆ ಆ ಮಣ್ಣು ಮುಂದೆ ಯಾವ ತಗ್ಗಿನ ಏರಿಗೆ ಹೋಯಿತೆಂದು ನೋಡಿ. ಕಾಡಿನ ನಡುವೆ ಕಲ್ಲಿನ ಕಂಬ, ತುಕ್ಕು ಹಿಡಿದ ಸಿಗ್ನಲ್, ಸಾಲಾಗಿ ಕಮಾನಿನ ಬಾಯಿಗಳಿರುವ ಕೋಕ್ ಒಲೆಗಳ ಅವಶೇಷ ಕಾಣುತ್ತವೆ. ಕನೆಲ್ಸ್‌ವಿಲ್ ಸುತ್ತಿನ ಕಲ್ಲಿದ್ದಲನ್ನು ಅಂಥ ಒಲೆಗಳಲ್ಲಿ ಸುಟ್ಟು ಕೋಕ್ ಮಾಡಿ ಪಿಟ್ಸ್‌ಬರ್ಗಿನ ಉಕ್ಕಿನ ಕುಲುಮೆಗಳಿಗೆ ಕಳಿಸುತ್ತಿದ್ದರು. ಪಿಟ್ಸ್‌ಬರ್ಗಿನಲ್ಲಿ ನೀವು ದಾಟುವ ಹಾಟ್ ಮೆಟಲ್ ಸೇತುವೆಯ ಮೇಲೆ ಒಂದು ಕಾಲಕ್ಕೆ ಕರಗಿದ ಕಬ್ಬಿಣ ಮನಾಂಗಹೀಲ ನದಿಯನ್ನು ದಾಟುತ್ತಿತ್ತು. ಹೋಮ್‌ಸ್ಟೆಡ್‌ನಲ್ಲಿ 1892ರ ಪ್ರಸಿದ್ಧ ಕಾರ್ಮಿಕ ಹೋರಾಟ ನಡೆದ ಉಕ್ಕಿನ ಕಾರ್ಖಾನೆಯ ಹನ್ನೆರಡು ಚಿಮಣಿಗಳು ಇನ್ನೂ ನಿಂತಿವೆ. ನದಿ, ಗಣಿ, ಒಲೆ, ಕುಲುಮೆ ಇವನ್ನೆಲ್ಲ ಕಟ್ಟಿದ ಒಂದೇ ದಾರ ನಿಮ್ಮ ಗಾಲಿಯ ಕೆಳಗಿದೆ ಎಂದು ಗೊತ್ತಾದ ಮೇಲೆ ಒಂಟಿತನ ಬೇರೆಯದೇ ರೂಪ ತಾಳುತ್ತದೆ. ಜೊತೆಗೆ ಯಾರಾದರೂ ಇದ್ದರೆ ಇಷ್ಟನ್ನು ನೋಡಲು ಬಿಡುವು ಸಿಗುತ್ತಿತ್ತೇ ಎಂದು ನನಗೆ ಅನುಮಾನ.

## ಇನ್ನಷ್ಟು ಆಳವಾಗಿ

ಸುರಂಗಗಳಲ್ಲಿ ಕತ್ತಲೆಯೇ? ಇಳಿದು ನಡೆಯಬೇಕೇ?

ಪೂರ್ವಾರ್ಧದಲ್ಲಿ ಸುರಂಗಗಳಿವೆ. ಪಿಂಕರ್ಟನ್ ಸುರಂಗ 849 ಅಡಿ, 2015ರಲ್ಲಿ ದುರಸ್ತಿಯಾಗಿ ತೆರೆಯಿತು. ಬಿಗ್ ಸ್ಯಾವೇಜ್ 3,294 ಅಡಿ, ಅಂದರೆ ಒಂದು ಕಿಲೋಮೀಟರ್, ಒಳಗೆ ದೀಪಗಳಿವೆ. ಬೋರ್ಡನ್ ಸುರಂಗ 957 ಅಡಿಯೇ ಆದರೂ ಅಲ್ಲಿ ದೀಪವಿಲ್ಲ. ಹೊರಗಿನ ಬಿಸಿಲಿನಿಂದ ಒಳಹೊಕ್ಕ ಕೂಡಲೇ ಕಣ್ಣು ಹೊಂದಿಕೊಳ್ಳಲು ಅರೆನಿಮಿಷ ಬೇಕು, ಅಷ್ಟರಲ್ಲಿ ಇಳಿಜಾರಿನ ವೇಗದಲ್ಲಿ ನೀವು ನಡುವನ್ನು ತಲುಪಿರುತ್ತೀರಿ. ಆದ್ದರಿಂದ ಬಾಯಿಯಲ್ಲಿಯೇ ನಿಲ್ಲಿಸಿ, ಕಪ್ಪು ಕನ್ನಡಕ ತೆಗೆದು, ಮುಂದೀಪ ಹಿಂದೀಪ ಹಾಕಿ ನಿಧಾನವಾಗಿ ಹೊಗಬೇಕು. ಬ್ರಷ್ ಸುರಂಗದಲ್ಲಿ ಹಾದಿಯ ಪಕ್ಕದಲ್ಲೇ ಹಳಿಯಿದೆ. ಕಂಬರ್‌ಲ್ಯಾಂಡ್ ಮತ್ತು ಫ್ರಾಸ್ಟ್‌ಬರ್ಗ್ ನಡುವೆ ಪ್ರವಾಸಿ ರೈಲು ಈಗಲೂ ಓಡುತ್ತದೆ, 1949ರಲ್ಲಿ ತಯಾರಾದ 1309 ಸಂಖ್ಯೆಯ ಉಗಿ ಎಂಜಿನ್ನೂ ಅದನ್ನು ಎಳೆಯುವುದುಂಟು. ರೈಲಿನ ಸದ್ದು ಕೇಳಿದರೆ ಸುರಂಗದ ಹೊರಗೇ ಕಾಯಿರಿ. ಹೊಗೆ ತುಂಬಿದ ಸುರಂಗದಲ್ಲಿ ಸಿಕ್ಕಿಕೊಳ್ಳುವುದು ಅಪಾಯ.

ಮಯರ್ಸ್‌ಡೇಲ್ ಹತ್ತಿರದ ಸಾಲ್ಸ್‌ಬರಿ ಮೇಲ್ಸೇತುವೆಯನ್ನೂ ಇದರ ಜೊತೆಗೇ ಹೇಳಬೇಕು. 1,908 ಅಡಿ ಉದ್ದದ ಆ ಸೇತುವೆ ಕ್ಯಾಸಲ್‌ಮನ್ ನದಿ, ರೈಲುದಾರಿ, ಹೆದ್ದಾರಿ ಮೂರನ್ನೂ ಒಟ್ಟಿಗೆ ದಾಟುತ್ತದೆ. ಅಡ್ಡಗಾಳಿ ಜೋರಾಗಿದ್ದರೆ ಪ್ಯಾನಿಯರ್ ಚೀಲಗಳು ಹಾಯಿಯಂತೆ ಗಾಳಿ ಹಿಡಿಯುತ್ತವೆ. ಎರಡೂ ಕೈ ಹ್ಯಾಂಡಲ್ ಮೇಲಿರಲಿ.

ಏರಿಲ್ಲ ಅಂತೀರಿ, ಆದರೂ ಮೂರನೇ ದಿನ ಕೂರಲಾಗದಷ್ಟು ನೋವು ಬಂತು. ಯಾಕೆ?

ಏರಿಲ್ಲದಿರುವುದೇ ಕಾರಣ. ಏರಿಳಿತದ ರಸ್ತೆಯಲ್ಲಿ ಹತ್ತುವಾಗ ಎದ್ದು ನಿಂತು ತುಳಿಯುತ್ತೇವೆ, ಇಳಿಯುವಾಗ ಕಾಲು ನಿಲ್ಲಿಸಿ ಸೀಟಿನಿಂದ ಸ್ವಲ್ಪ ಮೇಲೇಳುತ್ತೇವೆ. ತಿಳಿಯದೆಯೇ ರಕ್ತ ಓಡಾಡಲು ಅವಕಾಶ ಸಿಗುತ್ತದೆ. ರೈಲು ಹಾದಿಯಲ್ಲಿ ಗಂಟೆಗಟ್ಟಲೆ ಒಂದೇ ಭಂಗಿ, ಒಂದೇ ಗತಿ, ಒಂದೇ ಗೇರು. ಒತ್ತಡ ಬೀಳುವ ಮೂಳೆ, ಮರಗಟ್ಟುವ ಅಂಗೈ ಎಲ್ಲ ಅದರ ಫಲ. ಇದಕ್ಕೆ ಶಿಸ್ತು ಬೇಕು: ಹತ್ತು ನಿಮಿಷಕ್ಕೊಮ್ಮೆ ಹದಿನೈದಿಪ್ಪತ್ತು ಸುತ್ತು ನಿಂತು ತುಳಿಯುವುದು, ಅಷ್ಟೇ ಬಾರಿ ಕೈ ಹಿಡಿಯುವ ಜಾಗ ಬದಲಿಸುವುದು, ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯುವುದು. ನೋವು ಶುರುವಾದ ಮೇಲೆ ಅಲ್ಲ, ಮೊದಲ ದಿನದ ಮೊದಲ ಗಂಟೆಯಿಂದಲೇ. ಪ್ಯಾಡ್ ಇರುವ ಚಡ್ಡಿಯ ಒಳಗೆ ಬೇರೆ ಒಳಉಡುಪು ತೊಡಬಾರದು, ಅದರ ಹೊಲಿಗೆಯೇ ಉಜ್ಜುತ್ತದೆ; ಅದನ್ನು ದಿನವೂ ಒಗೆದು ಒಣಗಿಸಬೇಕು.

ಹೊಳೆಯ ನೀರು ಫಿಲ್ಟರ್ ಮಾಡಿ ಕುಡಿಯಬಹುದೇ? ಕೆಲವು ಕಡೆ ಕಲ್ಲುಗಳೆಲ್ಲ ಕೆಂಪಗಿದ್ದವು.

ಆ ಕಿತ್ತಳೆ ಕೆಂಪು ಹಳೆಯ ಗಣಿಗಳದ್ದು. ಕೈಬಿಟ್ಟ ಕಲ್ಲಿದ್ದಲು ಗಣಿಗಳೊಳಗೆ ನೀರು ಮತ್ತು ಗಾಳಿ ಪೈರೈಟ್ ಎಂಬ ಕಬ್ಬಿಣ–ಗಂಧಕದ ಖನಿಜವನ್ನು ಮುಟ್ಟಿದಾಗ ಆಮ್ಲ ಹುಟ್ಟಿ, ಕಬ್ಬಿಣ ಕರಗಿ ಹೊರಬರುತ್ತದೆ. ಹೊರಗಿನ ಗಾಳಿ ತಗುಲಿದ ಮೇಲೆ ಅದು ತುಕ್ಕಾಗಿ ಕಲ್ಲಿಗೆ ಅಂಟುತ್ತದೆ. ಪ್ರವಾಸಿಗರ ಫಿಲ್ಟರುಗಳು ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ, ನೀರಿನಲ್ಲಿ ಕರಗಿದ ಲೋಹವನ್ನು ತಡೆಯುವುದಿಲ್ಲ. ಆದ್ದರಿಂದ ಈ ಹಾದಿಯಲ್ಲಿ ತೊರೆಯ ನೀರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಊರುಗಳಲ್ಲಿ ತುಂಬಿಸಿಕೊಂಡು ಸೆಕೆಯ ದಿನ ಕನಿಷ್ಠ ಎರಡು ಲೀಟರ್ ಹೊತ್ತು ಹೊರಡಿ.

ಒಂದು ರೈಲ್ವೆ ಕಂಪನಿಯ ಜಾಗ ಜನರ ಹಾದಿಯಾಗಿದ್ದು ಹೇಗೆ?

ಒಂದೇ ಏಟಿಗೆ ಆಗಲಿಲ್ಲ. 1916ರಲ್ಲಿ ಅಮೆರಿಕದ ರೈಲುಜಾಲ 2,54,000 ಮೈಲಿಯಷ್ಟಿತ್ತು, ಆಮೇಲೆ ಅದು ಕುಗ್ಗುತ್ತ ಬಂತು. ಯಾಕಗೇನಿಯ ಎರಡೂ ದಂಡೆಗಳಲ್ಲಿ ಪೈಪೋಟಿಯ ಎರಡು ಕಂಪನಿಗಳು ಓಡಿಸುತ್ತಿದ್ದ ರೈಲುಗಳು ಒಂದೇ ಒಡೆತನಕ್ಕೆ ಬಂದ ಮೇಲೆ ಎರಡು ದಾರಿ ಅನಗತ್ಯವಾಯಿತು. 1975ರಲ್ಲಿ ವೆಸ್ಟರ್ನ್ ಮೇರಿಲ್ಯಾಂಡಿನ ದಾರಿಯನ್ನು ಕೈಬಿಟ್ಟರು. 1978ರಲ್ಲಿ ವೆಸ್ಟರ್ನ್ ಪೆನ್ಸಿಲ್ವೇನಿಯ ಕನ್ಸರ್ವೆನ್ಸಿ ಎಂಬ ಸಂಸ್ಥೆ ಒಹಾಯೋಪೈಲ್ ಭಾಗದ ಜಾಗವನ್ನು ಕೊಂಡಿತು, 1986ರಲ್ಲಿ ಅಲ್ಲಿ ಮೊದಲ ತುಂಡು ತೆರೆಯಿತು. ಊರೂರಿನ ಸ್ವಯಂಸೇವಕರು ಹುಲ್ಲು ಕೊಯ್ದು, ಸೇತುವೆಗೆ ಹಲಗೆ ಹೊಡೆದು, ಜಮೀನಿನವರ ಜೊತೆ ಮಾತಾಡಿ ತುಂಡುತುಂಡಾಗಿ ಮುಂದುವರಿಸಿದರು. 2006ರ ಕೊನೆಗೆ ಹಾದಿ ಕಂಬರ್‌ಲ್ಯಾಂಡ್ ಮುಟ್ಟಿತು, 2013ರಲ್ಲಿ ಪಿಟ್ಸ್‌ಬರ್ಗ್ ಕಡೆಯ ಕೊನೆಯ ಕೊಂಡಿ ಸೇರಿತು. ಮೂವತ್ತೈದು ವರ್ಷಗಳ ಈ ಸಹನೆಯನ್ನು ನೆನೆದಾಗ ಹಾದಿಯ ಪಕ್ಕದ ಒಂದೊಂದು ಬೆಂಚಿನ ಬಗೆಗೂ ನನಗೆ ಗೌರವ ಹುಟ್ಟುತ್ತದೆ.

ಅಮೆರಿಕದ ಬೇರೆ ಅನೇಕ ಹಾದಿಗಳಿಗೆ ನೆರವಾದದ್ದು 1983ರ ಕಾನೂನು ತಿದ್ದುಪಡಿ. ಮುಂದೆಂದಾದರೂ ರೈಲಿಗೆ ಬೇಕಾಗಬಹುದೆಂದು ದಾರಿಯ ಜಾಗವನ್ನು ಒಡೆಯದೆ ಕಾದಿರಿಸಿ, ಅಲ್ಲಿಯವರೆಗೆ ಹಾದಿಯಾಗಿ ಬಳಸಲು ಅದು ಅವಕಾಶ ಕೊಡುತ್ತದೆ. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು.

ನಮ್ಮ ಕರ್ನಾಟಕದಲ್ಲಿ ಯಾಕೆ ಇಂಥದ್ದಿಲ್ಲ? ಸಕಲೇಶಪುರದ ರೈಲುದಾರಿಯಲ್ಲಿ ಮಾಡಬಹುದಲ್ಲ?

ಸಕಲೇಶಪುರದ ದಾರಿ ಜೀವಂತ ರೈಲುದಾರಿ. ಮೀಟರ್ ಗೇಜ್‌ನಿಂದ ಬ್ರಾಡ್ ಗೇಜ್‌ಗೆ ಬದಲಾಯಿಸಲು ಅದನ್ನು ಮುಚ್ಚಿದ್ದ ವರ್ಷಗಳಲ್ಲಿ ಅಲ್ಲಿ ಚಾರಣ ಜನಪ್ರಿಯವಾಯಿತು. ಈಗ ಹಗಲೂ ರಾತ್ರಿಯೂ ರೈಲು ಓಡುತ್ತದೆ, ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯಿದೆಯಡಿ ಅಪರಾಧ, ಸುರಂಗದಲ್ಲಿ ರೈಲು ಬಂದರೆ ಸರಿಯಲು ಜಾಗವಿಲ್ಲ. ದಯವಿಟ್ಟು ಹೋಗಬೇಡಿ. ನಮ್ಮಲ್ಲಿ ಗೇಜ್ ಪರಿವರ್ತನೆ ಬಹುಪಾಲು ಅದೇ ಏರಿಯ ಮೇಲೆ ನಡೆದದ್ದರಿಂದ, ಅಲೆಘೇನಿಯಲ್ಲಿ ಉಳಿದಂತೆ ನೂರಾರು ಕಿಲೋಮೀಟರ್ ಅಖಂಡ ಖಾಲಿ ದಾರಿ ಉಳಿಯಲಿಲ್ಲ. ನಮ್ಮ ರೈಲುದಾರಿಗಳು ಬದುಕಿಕೊಂಡವು ಎಂಬುದು ಇದರ ಒಳ್ಳೆಯ ಅರ್ಥ, ಅದಕ್ಕೆ ಕೊರಗಬೇಕಾಗಿಲ್ಲ.

ಕಂಬರ್‌ಲ್ಯಾಂಡ್‌ನಲ್ಲಿ ನಿಲ್ಲಿಸದೆ ವಾಷಿಂಗ್ಟನ್‌ವರೆಗೂ ಹೋಗಬಹುದೇ? ಅದೂ ಇಷ್ಟೇ ಸುಲಭವೇ?

ಹೋಗಬಹುದು, ಅಷ್ಟೇ ಸುಲಭವಲ್ಲ. ಕಂಬರ್‌ಲ್ಯಾಂಡ್‌ನಿಂದ ವಾಷಿಂಗ್ಟನ್‌ನ ಜಾರ್ಜ್‌ಟೌನ್‌ವರೆಗೆ ಪೊಟೋಮ್ಯಾಕ್ ನದಿಯ ಪಕ್ಕದಲ್ಲಿ 184.5 ಮೈಲಿ, ಅಂದರೆ ಸುಮಾರು 297 ಕಿಲೋಮೀಟರ್ ಸಾಗುವುದು ಚೆಸಪೀಕ್ ಅಂಡ್ ಒಹಾಯೋ ಕಾಲುವೆಯ ದಂಡೆ. ದೋಣಿಗಳನ್ನು ಎಳೆಯುವ ಹೇಸರಗತ್ತೆಗಳು ನಡೆಯಲೆಂದು ಮಾಡಿದ ಹಾದಿ ಅದು. ಕಾಲುವೆಯ ಕೆಲಸವೂ, ಅದಕ್ಕೆ ಪ್ರತಿಸ್ಪರ್ಧಿಯಾದ ಬಾಲ್ಟಿಮೋರ್ ಅಂಡ್ ಒಹಾಯೋ ರೈಲ್ವೆಯ ಕೆಲಸವೂ ಒಂದೇ ದಿನ, 1828ರ ಜುಲೈ 4ರಂದು ಶುರುವಾದವು. ರೈಲು 1842ರಲ್ಲಿ ಕಂಬರ್‌ಲ್ಯಾಂಡ್ ಮುಟ್ಟಿತು, ಕಾಲುವೆ ಮುಟ್ಟುವಷ್ಟರಲ್ಲಿ 1850 ಆಗಿತ್ತು. ಪಾ ಪಾ ಎಂಬಲ್ಲಿನ 3,118 ಅಡಿ ಸುರಂಗ ಒಂದಕ್ಕೇ ಹದಿನಾಲ್ಕು ವರ್ಷ ಹಿಡಿಯಿತು. 1924ರ ಪ್ರವಾಹದ ನಂತರ ದೋಣಿಗಳು ನಿಂತವು. ಕಾಲುವೆಯ ಜಾಗದಲ್ಲಿ ಹೆದ್ದಾರಿ ಮಾಡುವ ಯೋಚನೆಯನ್ನು ವಿರೋಧಿಸಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ 1954ರಲ್ಲಿ ಆ ಉದ್ದಕ್ಕೂ ಪಾದಯಾತ್ರೆ ನಡೆಸಿದರು, 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು.

ಸವಾರನಿಗೆ ವ್ಯತ್ಯಾಸ ಗೊತ್ತಾಗುವುದು ನೆಲದಲ್ಲಿ. ಅನೇಕ ಕಡೆ ಮಣ್ಣು, ಬೇರು, ಹೊಂಡ. ಮಳೆ ಬಂದರೆ ಕೆಸರು ಮಡ್‌ಗಾರ್ಡಿಗೂ ಟಯರಿಗೂ ನಡುವೆ ತುಂಬಿ ಗಾಲಿಯೇ ನಿಲ್ಲುತ್ತದೆ. ರೈಲು ಹಾದಿಯಲ್ಲಿ ದಿನಕ್ಕೆ 65 ಕಿಲೋಮೀಟರ್ ಹೋದವರು ಇಲ್ಲಿ 55 ಎಂದು ಲೆಕ್ಕ ಹಾಕಿಕೊಳ್ಳಲಿ. ಪಾ ಪಾ ಸುರಂಗದಲ್ಲಿ ದೀಪವಿಲ್ಲ, ಹಾದಿ ಕಿರಿದು, ಪಕ್ಕದಲ್ಲೇ ನೀರು. ಅಲ್ಲಿ ಇಳಿದು, ತಲೆದೀಪ ಹಾಕಿಕೊಂಡು ಸೈಕಲ್ ತಳ್ಳಿಕೊಂಡೇ ನಡೆಯಬೇಕು. ಮಳೆ ಹಿಡಿದರೆ ಲಿಟಲ್ ಆರ್ಲಿಯನ್ಸ್‌ನಿಂದ ಬಿಗ್ ಪೂಲ್ ಕಡೆಗೆ ಕಾಲುವೆಗೆ ಸಮಾನಾಂತರವಾಗಿ ಡಾಂಬರು ಹಾಕಿದ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ ಟ್ರೇಲ್ ಸುಮಾರು 45 ಕಿಲೋಮೀಟರ್ ಇದೆ, ಕೆಸರಿನಿಂದ ತಪ್ಪಿಸಿಕೊಳ್ಳಲು ಅದನ್ನು ಹಿಡಿಯಿರಿ. ಕಂಬರ್‌ಲ್ಯಾಂಡ್‌ನಲ್ಲಿ ಒಂದು ದಿನ ನಿಂತು ಬಟ್ಟೆ ಒಗೆದು, ಬ್ರೇಕ್ ಪ್ಯಾಡ್ ನೋಡಿಸಿ, ಮುಂದಿನ ಮೂರು ದಿನದ ಹವಾಮಾನ ತಿಳಿದ ಮೇಲೆ ನಿರ್ಧರಿಸಿ. ಮಳೆಯ ಮುನ್ಸೂಚನೆಯಿದ್ದರೆ ಅಲ್ಲಿಂದಲೇ ರೈಲು ಹತ್ತುವುದರಲ್ಲಿ ಯಾವ ಸೋಲೂ ಇಲ್ಲ.